ಹಿಡ್ಲುಮನೆಯ ನೀರು ಹತ್ತಿ ಕೊಡಚಾದ್ರಿಗೆ

ನಿಟ್ಟೂರಿನ ಹತ್ತಿರದ ತೋಟದ ಮನೆಯಲ್ಲಿ ಬೆಳಗಿನ ಆರಕ್ಕೇ ದೋಸೆ, ತುಪ್ಪ, ಜೋನಿಬೆಲ್ಲ. ಹೊರಡುವಾಗ ಆ ಮನೆಯ ಅಮ್ಮ ಕೋಲಿನ ತುದಿಗೆ ಬಟ್ಟೆ ಸುತ್ತಿ, ಅದರೊಳಗೆ ಹೊಗೆಸೊಪ್ಪು, ಸುಣ್ಣ ಕಟ್ಟಿ ಕೈಗಿಟ್ಟರು. "ಉಂಬಳ ಕಂಡ್ರೆ ಇದನ್ನ ಮುಟ್ಸಿ, ಕಿತ್ತು ಎಳೀಬೇಡಿ" ಎಂದರು. ನವೆಂಬರ್ ಬಂದಿದ್ದರೂ ಕಾಡಿನ ನೆಲ ಇನ್ನೂ ಆರಿರಲಿಲ್ಲ.

ಕೊಡಚಾದ್ರಿಗೆ ಜೀಪು ಹೋಗುತ್ತದೆ. ಕೊಲ್ಲೂರಿಗೆ ಬಂದವರಲ್ಲಿ ಹೆಚ್ಚಿನವರು ಹಾಗೆಯೇ ಹೋಗಿಬರುತ್ತಾರೆ. ಮಂಡಿ ನೋವಿನವರಿಗೆ, ವಯಸ್ಸಾದವರಿಗೆ ಅದೇ ಸರಿ. ಕಾಲಲ್ಲಿ ಶಕ್ತಿ ಇದ್ದವರು ಮಾತ್ರ ಒಮ್ಮೆಯಾದರೂ ಹಿಡ್ಲುಮನೆ ಅಬ್ಬಿಯ ದಾರಿಯಲ್ಲಿ ಹತ್ತಬೇಕು. ಈ ಬೆಟ್ಟ ಹೇಗೆ ಬದುಕಿದೆ ಅನ್ನುವುದು ಆ ದಾರಿಯಲ್ಲಿ ಒಂದೊಂದಾಗಿ ಕಾಣುತ್ತದೆ.

ಅಬ್ಬಿ ಒಂದೇ ನೆಗೆತದ್ದಲ್ಲ, ಮೆಟ್ಟಿಲು ಮೆಟ್ಟಿಲಾಗಿ ಬೀಳುತ್ತದೆ. ದಾರಿಯೂ ನೀರಿನ ಪಕ್ಕದ ಬಂಡೆಗಳ ಮೇಲೆಯೇ. ಬೇರು ಹಿಡಿದು ಮೈ ಮೇಲೆಳೆದುಕೊಳ್ಳುವಾಗ ಕೆನ್ನೆಗೆ ತುಂತುರು ಬಡಿಯುತ್ತದೆ. ಮಳೆಗಾಲದಲ್ಲಿ ಈ ಕಲ್ಲುಗಳ ಮೇಲೆ ಪಾಚಿ. ಆಗ ಯಾರೂ ಇತ್ತ ಬರಬಾರದು. ನಾನು ಉಸಿರು ಬಿಡಲು ನಿಂತರೆ, ದಾರಿ ತೋರಿಸಲು ಬಂದ ಹುಡುಗ ಬಿಡುತ್ತಿರಲಿಲ್ಲ. "ಅಣ್ಣಾ, ನಿಂತ್ರೆ ಹತ್ತತ್ತೆ, ನಡೀತಾ ಇರಿ." ಅಷ್ಟರಲ್ಲಿ ಪಾದದ ಗಂಟಿನ ಬಳಿ ಎರಡು ಉಂಬಳ ಉಬ್ಬಿ ಕೂತಿದ್ದವು. ಸುಣ್ಣದ ಬಟ್ಟೆ ತಾಗಿಸಿದ್ದೇ ತಡ, ಸುರುಟಿ ಉದುರಿದವು. ನೋವಿಲ್ಲ, ರಕ್ತ ಮಾತ್ರ ಬಹಳ ಹೊತ್ತು ಒಸರುತ್ತಲೇ ಇತ್ತು.

ಕಾಡು ಮುಗಿದದ್ದು ಥಟ್ಟನೆ. ತಲೆ ಎತ್ತಿದರೆ ಎದೆಮಟ್ಟದ ಹುಲ್ಲು, ಅದರಾಚೆ ಬರೀ ಆಕಾಶ. ಗುಡ್ಡದ ಮೈಯೆಲ್ಲ ಹುಲ್ಲು, ಮಡಿಕೆಗಳಲ್ಲಿ ಮಾತ್ರ ಕಪ್ಪಗೆ ಒತ್ತಾದ ಶೋಲಾ ಕಾಡು. ಬಿದ್ದ ಮಳೆಯನ್ನು ಹೀರಿಟ್ಟುಕೊಂಡು ಮೆಲ್ಲಗೆ ಕೆಳಗೆ ಬಿಡುವುದು ಇವೆರಡೇ. ಮಳೆ ನಿಂತ ಮೇಲೂ ಅಬ್ಬಿ ಹರಿಯುತ್ತಿದ್ದುದು ಇದರಿಂದ. ಇಲ್ಲಿ ಹುಡುಗ ಒಂದೇ ಒಂದು ಮಾತು ಕೇಳಿಕೊಂಡ: ಅಡ್ಡದಾರಿ ಹಿಡಿಯಬೇಡಿ. ಕಾಲ್ತುಳಿತಕ್ಕೆ ಹುಲ್ಲು ಹೋದ ಕಡೆಯೆಲ್ಲ ಮಳೆನೀರು ಮಣ್ಣು ಕೊಚ್ಚಿ ಮಾಡಿದ ಕೊರಕಲುಗಳನ್ನು ತೋರಿಸಿದ. ಕೆಲವು ನನ್ನ ಮಂಡಿಯಷ್ಟು ಆಳ. ನೋಡಿ ಸಂಕಟವಾಯಿತು.

ಮೂಲ ಮೂಕಾಂಬಿಕೆಯ ಗುಡಿಯ ಬಳಿ ಮಣ್ಣು ಕೆಂಪು. ಈ ಬೆಟ್ಟದ ಒಡಲಲ್ಲಿ ಕಬ್ಬಿಣದ ಅದಿರಿದೆ. ಗುಡಿಯ ಮುಂದೆ ಸುಮಾರು 40 ಅಡಿಯ ಕಬ್ಬಿಣದ ಕಂಬ. ಅಂಗೈ ಇಟ್ಟೆ, ಬಿಸಿಲಲ್ಲೂ ತಣ್ಣಗಿತ್ತು. ಕೇರಳದ ಭಕ್ತರ ಗುಂಪೊಂದು ಜೀಪಿನಿಂದ ಇಳಿದು ಬರಿಗಾಲಲ್ಲಿ ಹೊರಟಿತ್ತು. ಅವರ ಬಾಯಲ್ಲಿ ಇದು ಕುಡಜಾದ್ರಿ. ಸಂಸ್ಕೃತದಲ್ಲಿ ಕುಟಜಾದ್ರಿ, ಕುಟಜವೆಂದರೆ ನಮ್ಮ ಕೊಡಸಿಗೆ ಗಿಡ.

1343 ಮೀಟರ್ ಎತ್ತರದ ನೆತ್ತಿಗೆ ಅಲ್ಲಿಂದ ಏಣು ಹಿಡಿದು ನಡಿಗೆ. ಶಂಕರಾಚಾರ್ಯರು ತಪಸ್ಸು ಮಾಡಿದರೆಂದು ನಂಬುವ ಸರ್ವಜ್ಞ ಪೀಠ ಒಂದು ಪುಟ್ಟ ಕಲ್ಲಿನ ಗುಡಿ. ಅದರ ಗೋಡೆಗೆ ಬೆನ್ನು ಕೊಟ್ಟು ಕೂತೆ. ಗಾಳಿಗೆ ಮಾತು ಕೇಳುತ್ತಿರಲಿಲ್ಲ. ಪಶ್ಚಿಮಕ್ಕೆ ಕೊಲ್ಲೂರಿನ ಕಾಡು, ಈ ಬೆಟ್ಟದಲ್ಲೇ ಹುಟ್ಟಿದ ಸೌಪರ್ಣಿಕೆ ಹರಿದುಹೋಗುವ ಕಣಿವೆ, ಕೊನೆಯಲ್ಲಿ ಸಮುದ್ರವೋ ಮಂಜೋ ತಿಳಿಯದ ಒಂದು ಬೆಳ್ಳಿ ಗೆರೆ.

ಇಳಿದದ್ದು ಜೀಪಿನ ರಸ್ತೆಯಲ್ಲಿ, ನಡೆದೇ. ಮನೆ ತಲುಪುವಾಗ ಕತ್ತಲು. ಅಂಗಳದ ಚಪ್ಪರದಡಿ ದೀಪ ಹಾಕಿಕೊಂಡು ಐದಾರು ಹೆಂಗಸರು ಹಸಿ ಅಡಿಕೆ ಸುಲಿಯುತ್ತಿದ್ದರು. ಹಿತ್ತಲಲ್ಲಿ ಹಂಡೆ ಕುದಿಯುತ್ತ ಚೊಗರಿನ ಒಗರು ವಾಸನೆ. "ಮೇಲೆ ನೀರು ಹೇಗಿದೆ?" ಎಂದು ಅಮ್ಮ ಕೇಳಿದರು. ಚೆನ್ನಾಗಿದೆ ಎಂದೆ. "ಹಾಗಾದ್ರೆ ತೋಟಕ್ಕೆ ಈ ಬೇಸಿಗೆ ಚಿಂತೆ ಇಲ್ಲ" ಎನ್ನುತ್ತ ಮೆಟ್ಟುಕತ್ತಿಯ ಪಕ್ಕ ನನಗೊಂದು ಮಣೆ ಸರಿಸಿದರು.