ಎಡಕ್ಕೆ ಹೋದವನಿಗೆ ಸಿಕ್ಕಿದ್ದು



ಕಳೆದ ತಿಂಗಳ ಯುವ ಸಂಘದ ಮೀಟಿಂಗ್ ಮುಗಿದ ಮೇಲೆ, ಈ ಸಲ ಯಾರು ಬರೆಯುತ್ತೀರಿ ಎಂದು ಕೇಳಿದಾಗ ಎಲ್ಲರೂ ನನ್ನ ಕಡೆ ತಿರುಗಿದರು. ನನಗೆ ಬರೆಯಲು ಎಂತದೂ ಗೊತ್ತಿಲ್ಲ ಎಂದೆ. "ನಿನಗೆ ಗೊತ್ತಿರುವುದು ಗೇಮ್ ಒಂದೇ, ಅದನ್ನೇ ಬರಿ" ಎಂದು ಹಿಂದಿನ ಬೆಂಚಿನಿಂದ ಒಬ್ಬಳು ಹೇಳಿದಳು. ಎಲ್ಲರೂ ನಕ್ಕರು. ಸರಿ, ಗೇಮ್ ಬಗ್ಗೆಯೇ ಬರೆಯುತ್ತೇನೆ. ಮಮ್ಮಿಯ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಒಪ್ಪಿಗೆ ಯಾಕೆ ಬೇಕಾಯಿತು ಎಂಬುದು ಮುಂದೆ ಗೊತ್ತಾಗುತ್ತದೆ.

ಆಟದ ಹೆಸರು ‘ಲಿಂಬೊ’. ಡೆನ್ಮಾರ್ಕಿನ ಪ್ಲೇಡೆಡ್ ಎಂಬ ಸಂಸ್ಥೆ ಮಾಡಿದ್ದು. 2010ರಲ್ಲಿ ಮೊದಲು ಎಕ್ಸ್‌ಬಾಕ್ಸ್‌ಗೆ ಬಂತು, ಮರುವರ್ಷ ಕಂಪ್ಯೂಟರಿಗೆ. ಹಳೆಯ ಆಟವಾದ್ದರಿಂದ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ನಾನು ಅದನ್ನು ತೆಗೆದುಕೊಂಡದ್ದಕ್ಕೆ ಅಷ್ಟೇ ಕಾರಣ, ಹೆಸರು ನೋಡಿ ಅಲ್ಲ.

ಆಟ ಪೂರ್ತಿ ಕಪ್ಪು ಬಿಳುಪು. ಮಾತಿಲ್ಲ, ಹಾಡಿಲ್ಲ, ಏನು ಮಾಡಬೇಕೆಂದು ಹೇಳುವ ಒಂದು ಸಾಲೂ ಇಲ್ಲ. ಕಾಡಿನ ನಡುವೆ ಒಬ್ಬ ಹುಡುಗ ಮಲಗಿದ್ದಾನೆ. ನಾವು ಒಂದು ಕೀ ಒತ್ತಿದರೆ ಅವನ ಕಣ್ಣು ತೆರೆಯುತ್ತದೆ, ಕತ್ತಲಲ್ಲಿ ಎರಡು ಬಿಳಿ ಚುಕ್ಕೆ. ಅವನು ಎದ್ದು ನಿಲ್ಲುತ್ತಾನೆ. ಅವನಿಗೆ ಹೆಸರಿಲ್ಲ. ಅವನು ತನ್ನ ಸಹೋದರಿಯನ್ನು ಹುಡುಕಿಕೊಂಡು ಬಂದಿದ್ದಾನೆ. ಇದು ಕೂಡ ಆಟದ ಒಳಗೆ ಎಲ್ಲೂ ಹೇಳಿಲ್ಲ, ಅದರ ಪರಿಚಯದ ಸಾಲಿನಲ್ಲಿ ಮಾತ್ರ ಇದೆ.

ಹುಡುಗ ಸಾಯುತ್ತಲೇ ಇರುತ್ತಾನೆ. ಹುಲ್ಲಿನೊಳಗೆ ಅಡಗಿಸಿಟ್ಟ ಹಲ್ಲಿನ ಬೋನಿಗೆ ಸಿಕ್ಕಿ, ನೀರಿನಲ್ಲಿ ಮುಳುಗಿ, ಮರದ ಮರೆಯಲ್ಲಿ ಕಾಯುವ ದೊಡ್ಡ ಜೇಡದ ಕಾಲಿಗೆ ಚುಚ್ಚಿಸಿಕೊಂಡು, ಕರೆಂಟು ಹರಿಯುವ ಹೋಟೆಲಿನ ಬೋರ್ಡು ಮುಟ್ಟಿ. ಪ್ರತಿ ಸಲ ಸತ್ತಾಗಲೂ ಸ್ವಲ್ಪ ಹಿಂದಿನಿಂದ ಮತ್ತೆ ಶುರು. ಮಾಡಿದವರೇ ಇದಕ್ಕೆ ‘ಟ್ರಯಲ್ ಅಂಡ್ ಡೆತ್’ ಎಂದು ಹೆಸರಿಟ್ಟಿದ್ದಾರೆ. ಭೂತ ಧುತ್ತೆಂದು ಎದುರಿಗೆ ಬಂದು ಕಿರುಚುವ ಹೆದರಿಕೆ ಇದರಲ್ಲಿಲ್ಲ. ಹೆದರಿಕೆ ಬೇರೆ ತರಹದ್ದು: ಅಷ್ಟು ಸಣ್ಣ ಮಗು ಅಷ್ಟು ದೊಡ್ಡ ಕತ್ತಲಲ್ಲಿ ಒಬ್ಬನೇ.

ಆಟ ಮುಗಿಸಲು ನನಗೆ ಮೂರು ರಾತ್ರಿ ಸಾಕಾಯಿತು. ಮತ್ತೆ ಅಚೀವ್‌ಮೆಂಟುಗಳ ಹುಚ್ಚು ಹಿಡಿಯಿತು. ಆಡದವರಿಗೆ ಹೇಳುವುದಾದರೆ, ಆಟದೊಳಗೆ ಏನಾದರೂ ವಿಶೇಷ ಮಾಡಿದರೆ ಪರದೆಯ ಮೂಲೆಯಲ್ಲಿ ಒಂದು ಸಣ್ಣ ಚೌಕ ಮೂಡುತ್ತದೆ, ಬಹುಮಾನದ ಚೀಟಿಯಂತೆ. ಲಿಂಬೊದಲ್ಲಿ ಅದಕ್ಕಾಗಿ ಹೊಳೆಯುವ ಬಿಳಿ ಮೊಟ್ಟೆಗಳನ್ನು ಅಲ್ಲಲ್ಲಿ ಅಡಗಿಸಿದ್ದಾರೆ. ಹುಡುಕಿ, ಕಾಲಿನಿಂದ ತುಳಿದು ಒಡೆಯಬೇಕು. ಎಲ್ಲಿವೆ ಎಂದು ನೇರ ಹೇಳುವುದಿಲ್ಲ, ಒಗಟಿನಂತೆ ಒಂದು ಸಾಲು ಕೊಡುತ್ತಾರೆ.

ನಾನು ಬಹಳಷ್ಟು ಕಂಡುಹಿಡಿದೆ. ಸಿಗದೇ ಉಳಿದದ್ದು ಪಟ್ಟಿಯ ಮೊದಲನೆಯದು: ‘ರಾಂಗ್ ವೇ’, ತಪ್ಪು ದಾರಿ. ಅದರ ಸುಳಿವಿನಲ್ಲಿದ್ದದ್ದು ಇದು ‘ರೈಟ್’ ಅಲ್ಲ ಎಂಬ ಅರ್ಥದ ಮಾತು ಮಾತ್ರ. ನಾನು ಅದನ್ನು ‘ಸರಿಯಲ್ಲ’ ಎಂದು ಓದಿಕೊಂಡೆ. ತಪ್ಪು ಮಾಡುವ ಜಾಗಗಳನ್ನೆಲ್ಲ ಹುಡುಕಿದೆ. ಬೇಕಂತಲೇ ಬೋನಿಗೆ ಕಾಲಿಟ್ಟೆ, ಜೇಡದ ಹತ್ತಿರ ಹೋಗಿ ನಿಂತೆ. ಹುಡುಗ ಇನ್ನಷ್ಟು ಸಲ ಸತ್ತ, ಅಷ್ಟೇ. ಯೂಟ್ಯೂಬಿನಲ್ಲಿ ನೋಡಿದರೆ ಒಂದು ನಿಮಿಷದ ಕೆಲಸ, ಆದರೆ ನೋಡುವುದಿಲ್ಲ ಎಂಬ ಹಟ. ಹೀಗೆ ಎರಡು ವಾರ.

ಒಂದು ರಾತ್ರಿ ಹೊಸದಾಗಿ ಶುರು ಮಾಡಿದೆ. ಹುಡುಗ ಎದ್ದು ನಿಂತ. ಬಲಕ್ಕೆ ಹೋಗುವ ಕೀ ಒತ್ತಲು ಬೆರಳು ಇಟ್ಟಾಗ ತಲೆಗೆ ಹೊಳೆಯಿತು. ‘ರೈಟ್ ಅಲ್ಲ’ ಎಂದರೆ ‘ಸರಿಯಲ್ಲ’ ಮಾತ್ರವಲ್ಲ, ‘ಬಲಕ್ಕಲ್ಲ’ ಎಂದೂ ಆಗುತ್ತದಲ್ಲ! ಈ ಆಟದಲ್ಲಿ ಎಲ್ಲರೂ ಬಲಕ್ಕೆ ಹೋಗುತ್ತಾರೆ, ಕತೆ ಇರುವುದು ಬಲಕ್ಕೆ. ಎದ್ದ ಜಾಗದಿಂದಲೇ ಎಡಕ್ಕೆ ತಿರುಗಿದವರು ಎಷ್ಟು ಮಂದಿ? ಎಡಕ್ಕೆ ನಡೆಸಿದೆ. ಸ್ವಲ್ಪ ದೂರದಲ್ಲಿ, ಕತ್ತಲಲ್ಲಿ, ಒಂದು ಬಿಳಿ ಮೊಟ್ಟೆ ಹೊಳೆಯುತ್ತಿತ್ತು. ತುಳಿದೆ. ಮೂಲೆಯಲ್ಲಿ ಚೌಕ ಮೂಡಿತು.

ನಾನು ಕೂಗಿದ್ದು ಸ್ವಲ್ಪ ಜೋರಾಯಿತು. ರಾತ್ರಿ ಹನ್ನೊಂದು ದಾಟಿತ್ತು. ಮಮ್ಮಿ ಗಾಬರಿಯಿಂದ ಎದ್ದು ಬಂದರು.

"ಎಂತ ಆಯ್ತು ಮಗ?"

"ಎಂತ ಇಲ್ಲ ಮಮ್ಮಿ, ಗೇಮಿನಲ್ಲಿ ಒಂದು ಸಿಕ್ತು."

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಪರದೆ ನೋಡುತ್ತಾ ನಿಂತರು.

"ಯಾರಿದು? ಇಷ್ಟು ಸಣ್ಣ ಮಗು, ಒಬ್ಬನೇ?"

"ಅವನ ಸಹೋದರಿಯನ್ನು ಹುಡುಕ್ತಾ ಇದ್ದಾನೆ."

"ಅವಳು ಎಲ್ಲಿದ್ದಾಳಂತೆ?"

"ಲಿಂಬೊದಲ್ಲಿ. ಆಟದ ಹೆಸರೇ ಅದು."

ಮಮ್ಮಿ ನನ್ನ ಮಂಚದ ತುದಿಯಲ್ಲಿ ಕುಳಿತರು. ತುಂಬಾ ಹೊತ್ತು ಮಾತಾಡಲಿಲ್ಲ. ಫ್ಯಾನಿನ ಸದ್ದು ಮಾತ್ರ. ಆಮೇಲೆ ಕೇಳಿದರು: "ನಿನಗೆ ಯಾರು ಹೇಳಿದ್ದು?"

ನನಗೆ ಯಾರೂ ಏನೂ ಹೇಳಿರಲಿಲ್ಲ. ಅವತ್ತು ರಾತ್ರಿ ಮಮ್ಮಿಯೇ ಹೇಳಿದರು.

ನನಗಿಂತ ಮೊದಲು ಅವರಿಗೆ ಒಂದು ಹೆಣ್ಣು ಮಗು ಹುಟ್ಟಿತ್ತು. ದಿನ ತುಂಬುವ ಮೊದಲೇ, ಜೋರು ಮಳೆಯ ದಿನಗಳಲ್ಲಿ. ಆರು ಗಂಟೆ ಬದುಕಿತ್ತು. ಎಲ್ಲರೂ ಮಗುವನ್ನು ದೊಡ್ಡ ಆಸ್ಪತ್ರೆಗೆ ಸಾಗಿಸುವ ಗಡಿಬಿಡಿಯಲ್ಲಿದ್ದರು. ಗಾಡಿ ಬರುವ ಮೊದಲೇ ಮಗು ಹೋಯಿತು. ತುರ್ತಿನಲ್ಲಿ ಯಾರು ಬೇಕಾದರೂ ನೀರು ಸುರಿದು ದೀಕ್ಷಾಸ್ನಾನ ಕೊಡಬಹುದು ಎಂದು ನಾವೆಲ್ಲ ದೊತೊರ್ನ್ ಕ್ಲಾಸಿನಲ್ಲಿ ಕಲಿತಿದ್ದೇವಲ್ಲ? ಮಮ್ಮಿಯೂ ಕಲಿತಿದ್ದರು. "ಮಂಚದ ಪಕ್ಕದಲ್ಲೇ ನೀರಿನ ಚೊಂಬು ಇತ್ತು" ಎಂದರು. "ಒಬ್ಬರಿಗೂ ನೆನಪಾಗಲಿಲ್ಲ. ನನಗೂ."

ಮನೆಗೆ ಬಂದ ಮೇಲೆ ಅಜ್ಜಿ ಸಮಾಧಾನ ಮಾಡಿದರಂತೆ: "ಅಳಬೇಡ. ಮಗು ಲಿಂಬೊದಲ್ಲಿದೆ. ಅಲ್ಲಿ ನೋವಿಲ್ಲ." ಅಜ್ಜಿ ಚಿಕ್ಕಂದಿನಲ್ಲಿ ಕಲಿತದ್ದು ಅದನ್ನೇ. ಸಮಾಧಾನಕ್ಕೆಂದೇ ಹೇಳಿದ್ದು, ಅದರಲ್ಲಿ ಸಂಶಯವಿಲ್ಲ. ಆದರೆ ಮಮ್ಮಿಗೆ ಅದು ಬೇರೆ ರೀತಿ ಕೇಳಿಸಿತು. ಅಲ್ಲಿ ನೋವಿಲ್ಲ, ಸರಿ. ಆದರೆ ಅದು ಸ್ವರ್ಗವೂ ಅಲ್ಲ. ಹಾಗಾದರೆ ತಾನು ಸತ್ತ ಮೇಲೂ ಮಗುವನ್ನು ನೋಡುವ ಹಾಗಿಲ್ಲ. ಇಪ್ಪತ್ತೈದಕ್ಕಿಂತ ಹೆಚ್ಚು ವರ್ಷ ಅವರು ಈ ಲೆಕ್ಕವನ್ನು ಯಾರಿಗೂ ಹೇಳದೆ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಪಪ್ಪನಿಗೂ ಹೇಳಿರಲಿಲ್ಲ.

ನಾವು ಮಾತಾಡುತ್ತಿದ್ದಾಗ ಲ್ಯಾಪ್‌ಟಾಪಿನ ಬ್ಯಾಟರಿ ಮುಗಿದು ಪರದೆ ಕಪ್ಪಾಯಿತು. ನಾನು ಚಾರ್ಜರ್ ಹುಡುಕಲಿಲ್ಲ.

ಮರುದಿನ ಸಹಾಯಕ ಗುರುಗಳ ಹತ್ತಿರ ಹೋದೆ. ಗೇಮಿನ ಕತೆಯಿಂದಲೇ ಶುರು ಮಾಡಿದೆ. ಅವರು ನಗಲಿಲ್ಲ. ಲಿಂಬೊ ಎಂಬ ಮಾತು ಲ್ಯಾಟಿನ್ ಭಾಷೆಯ ‘ಲಿಂಬುಸ್’ನಿಂದ ಬಂದದ್ದು, ಅಂಚು ಎಂದರ್ಥ, ಬಟ್ಟೆಯ ಅಂಚಿದ್ದ ಹಾಗೆ ಎಂದರು. ದೀಕ್ಷಾಸ್ನಾನವಿಲ್ಲದೆ ಸತ್ತ ಶಿಶುಗಳ ವಿಷಯದಲ್ಲಿ ಸಂತ ಅಗಸ್ಟೀನರ ನಿಲುವು ಕಠಿಣವಾಗಿತ್ತು: ಅವರಿಗೆ ಅತ್ಯಂತ ಹಗುರವಾದರೂ ಶಿಕ್ಷೆ ಇದ್ದೇ ಇದೆ ಎಂದು. ಅದನ್ನು ಒಪ್ಪಲು ಮನಸ್ಸಾಗದ ಮಧ್ಯಯುಗದ ಪಂಡಿತರು, ಸಂತ ಥಾಮಸ್ ಅಕ್ವಿನಾಸ್ ಕೂಡ, ನೋವಿಲ್ಲದ ಒಂದು ಅಂಚಿನ ಜಾಗವನ್ನು ಯೋಚಿಸಿದರು. ಅಂದರೆ ಲಿಂಬೊ ಹುಟ್ಟಿದ್ದೇ ಕರುಣೆಯಿಂದ. ಆದರೆ ಅದು ಪಂಡಿತರ ಅಭಿಪ್ರಾಯ, ಧರ್ಮಸಭೆ ಅದನ್ನು ಎಂದೂ ವಿಶ್ವಾಸದ ಸತ್ಯವೆಂದು ಘೋಷಿಸಿದ್ದಲ್ಲ.

ಆಮೇಲೆ ಅವರು ಎರಡು ವಿಷಯ ತೋರಿಸಿದರು. 1992ರಲ್ಲಿ ಬಂದ ಕಥೋಲಿಕ ಧರ್ಮೋಪದೇಶ ಗ್ರಂಥದ 1261ನೇ ಪರಿಚ್ಛೇದ ಇಂತಹ ಮಕ್ಕಳನ್ನು ದೇವರ ಕರುಣೆಗೆ ಒಪ್ಪಿಸುತ್ತದೆ, ಅಲ್ಲಿ ಲಿಂಬೊ ಎಂಬ ಮಾತೇ ಇಲ್ಲ. 2007ರಲ್ಲಿ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗವು ಪೋಪ್ ಹದಿನಾರನೇ ಬೆನೆಡಿಕ್ಟರ ಒಪ್ಪಿಗೆಯೊಂದಿಗೆ ಇದೇ ವಿಷಯದ ಮೇಲೆ ಒಂದು ದಾಖಲೆ ಪ್ರಕಟಿಸಿತು. ಲಿಂಬೊ ಎಂಬ ಅಭಿಪ್ರಾಯವನ್ನು ಅದು ನಿಷೇಧಿಸುವುದಿಲ್ಲ. ಖಚಿತವಾಗಿ ತಿಳಿದಿದೆ ಎಂದೂ ಹೇಳುವುದಿಲ್ಲ. ಆದರೆ ಆ ಮಕ್ಕಳು ದೇವರನ್ನು ಕಾಣುತ್ತಾರೆ ಎಂದು ನಂಬಿ ಕಾಯಲು ಗಟ್ಟಿಯಾದ ಕಾರಣಗಳಿವೆ ಎನ್ನುತ್ತದೆ.

ನಾನು ಅದನ್ನು ಮೊಬೈಲಿಗೆ ಇಳಿಸಿಕೊಂಡು ಮನೆಗೆ ಬಂದೆ. ಇಂಗ್ಲಿಷಿನಲ್ಲಿತ್ತು. ಮಮ್ಮಿ ಓದಿದ್ದು ಕನ್ನಡ ಮೀಡಿಯಂ, ನಾವು ಮನೆಯಲ್ಲಿ ಆಡುವುದು ಕೊಂಕಣಿ. ಅಡುಗೆಮನೆಯಲ್ಲಿ ಅವರು ಮೀನು ಶುಚಿ ಮಾಡುತ್ತಿದ್ದರು. ಪಕ್ಕದಲ್ಲಿ ನಿಂತು ಒಂದೊಂದೇ ಭಾಗ ಓದಿ ಕೊಂಕಣಿಯಲ್ಲಿ ಹೇಳುತ್ತಾ ಹೋದೆ. ಕೊಂಕಣಿಯ ಮಾತು ಸಿಗದಿದ್ದಲ್ಲಿ ಕನ್ನಡ ಹಾಕಿದೆ. ಮಮ್ಮಿ ಏನೂ ಹೇಳಲಿಲ್ಲ. ಕೊನೆಗೆ ಕೈ ತೊಳೆದುಕೊಂಡು ಕೇಳಿದರು: "2007 ಅಂದೆಯಾ? ಅಜ್ಜಿ ಆಗ ಇದ್ದರಲ್ಲ. ಅವರಿಗೆ ಯಾರಾದರೂ ಹೇಳಬೇಕಿತ್ತು."

ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಗಡಿನಾಡಿನವರಾದ ನಮಗೆ ಅಂಚಿನಲ್ಲಿ ಬದುಕುವುದು ಹೊಸದಲ್ಲ. ಸರಕಾರಿ ಅರ್ಜಿ ಮಲಯಾಳದಲ್ಲಿ, ಶಾಲೆ ಕನ್ನಡದಲ್ಲಿ, ಪ್ರಾರ್ಥನೆ ಕೊಂಕಣಿಯಲ್ಲಿ, ಪೇಟೆಯಲ್ಲಿ ತುಳು. ಒಂದು ಕಡೆ ಹೇಳಿದ್ದು ಇನ್ನೊಂದು ಕಡೆಗೆ ಮುಟ್ಟಲು ವರ್ಷಗಳು ಹಿಡಿಯುತ್ತವೆ. ರೋಮಿನಲ್ಲಿ ಬರೆದ ಒಂದು ಒಳ್ಳೆಯ ಮಾತು ನಮ್ಮ ಅಡುಗೆಮನೆಗೆ ಬರಲು ಇಷ್ಟು ವರ್ಷ ಬೇಕಾಯಿತು. ಬಂದದ್ದು ಕೂಡ ಒಂದು ಹಾರರ್ ಗೇಮಿನ ನೆಪದಲ್ಲಿ.

ನವೆಂಬರ್ 2ರಂದು ಸಕಲ ಮೃತರ ಸ್ಮರಣೆಯ ದಿನ ಸಿಮೆಸ್ತ್ರಿಗೆ ಹೋದೆವು. ಪ್ರತಿ ವರ್ಷ ನಾವು ಗೇಟಿನಿಂದ ನೇರ ಅಜ್ಜ ಅಜ್ಜಿಯ ಸಮಾಧಿಗೆ ಹೋಗಿ ಹೂ ಇಟ್ಟು ಮೊಂಬತ್ತಿ ಹಚ್ಚುತ್ತೇವೆ. ಮಮ್ಮಿ ಮಾತ್ರ ನಡುವೆ ಒಂದೆರಡು ನಿಮಿಷ ಹಿಂದಿನ ಗೋಡೆಯ ಕಡೆ ಹೋಗಿ ಬರುತ್ತಿದ್ದರು. ಅಲ್ಲಿ ಯಾವ ಕಲ್ಲೂ ಇಲ್ಲ, ಹುಲ್ಲು ಮಾತ್ರ. ಗಲಾಟೆ ಆಗದೆ ಅಲ್ಲಿಗೆ ಹೋಗಿ ಒಬ್ಬರೇ ಜಪ ಮಾಡುತ್ತಾರೆ ಎಂದುಕೊಂಡಿದ್ದೆ. ಈ ಸಲ ನಾನೂ ಜೊತೆಗೆ ಹೋದೆ. ಪಪ್ಪ ಕೂಡ ಬಂದರು. ಹುಲ್ಲು ಸರಿಸಿ ಒಂದು ಮೊಂಬತ್ತಿ ಹಚ್ಚಿದೆವು. ಗಾಳಿಗೆ ಎರಡು ಸಲ ನಂದಿತು, ಪಪ್ಪ ಕೈ ಅಡ್ಡ ಹಿಡಿದರು. ಮಮ್ಮಿ ಆ ಮಗುವಿಗೆ ಇಡಬೇಕೆಂದಿದ್ದ ಹೆಸರನ್ನು ಮೊದಲ ಸಲ ಜೋರಾಗಿ ಹೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ.

ಆಟದ ಕೊನೆಯಲ್ಲಿ ಹುಡುಗ ಗಾಜು ಒಡೆದು ಬಿದ್ದು, ಮೊದಲಿನಂತಹದೇ ಕಾಡಿನಲ್ಲಿ ಎಚ್ಚರಗೊಳ್ಳುತ್ತಾನೆ. ಸ್ವಲ್ಪ ಮುಂದೆ ಒಬ್ಬಳು ಹುಡುಗಿ ಬೆನ್ನು ಹಾಕಿ ಕುಳಿತಿದ್ದಾಳೆ. ಅವನು ಹತ್ತಿರ ಬರುತ್ತಾನೆ, ಅವಳು ಬೆಚ್ಚಿ ತಲೆ ಎತ್ತುತ್ತಾಳೆ, ಅಷ್ಟರಲ್ಲಿ ಪರದೆ ಕಪ್ಪು. ಮುಗಿಯಿತು. ಅವರು ಮಾತಾಡಿದರೋ ಇಲ್ಲವೋ ಹೇಳುವುದಿಲ್ಲ. ಮೊದಲು ನನಗೆ ಇದು ಮೋಸ ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ನನಗೂ ಒಬ್ಬಳು ಅಕ್ಕ ಇದ್ದಾಳೆ. ಅವಳನ್ನು ನಾನು ನೋಡಿಲ್ಲ, ನೋಡುತ್ತೇನೆ ಎಂದು ನಂಬಿದ್ದೇನೆ.

ಅಂದ ಹಾಗೆ, ಪಟ್ಟಿಯಲ್ಲಿ ಇನ್ನೂ ಒಂದು ಬಾಕಿ ಇದೆ. ಇಡೀ ಆಟವನ್ನು ಒಂದೇ ಕೂತಿನಲ್ಲಿ, ಐದಕ್ಕಿಂತ ಹೆಚ್ಚು ಸಲ ಸಾಯದೆ ಮುಗಿಸಬೇಕು. ಮೊನ್ನೆ ಆರು ಸಲ ಸತ್ತೆ. ಪಕ್ಕದಲ್ಲಿ ಕುಳಿತು ನೋಡುತ್ತಿದ್ದ ಮಮ್ಮಿ, "ಪರವಾಗಿಲ್ಲ, ಇನ್ನೊಮ್ಮೆ ಮಾಡು, ಆ ಜೇಡ ಬರುವಾಗ ನಾನು ಹೇಳ್ತೇನೆ" ಎಂದರು.

ಗೆಳೆಯರೇ, ನಿಮ್ಮ ಮನೆಯಲ್ಲೂ ಯಾರೂ ಹೆಸರು ಹೇಳದ ಒಬ್ಬರು ಇರಬಹುದು. ಒಂದು ದಿನ ಮೊಬೈಲು ಪಕ್ಕಕ್ಕಿಟ್ಟು ಅಮ್ಮನ ಹತ್ತಿರ ಕೇಳಿ ನೋಡಿ.