ಘಾಟಿ ಇಳಿಯುವ ಕಾರಿಗೆ ಎಷ್ಟು ಬ್ರೇಕು ಬೇಕು?

ಕಾರು ಕೊಳ್ಳುವವರು ಅದು ಎಷ್ಟು ವೇಗವಾಗಿ ಓಡುತ್ತದೆ, ಲೀಟರಿಗೆ ಎಷ್ಟು ಕಿಲೋಮೀಟರ್ ಕೊಡುತ್ತದೆ ಎಂದು ಕೇಳುತ್ತಾರೆ. ಅದು ಹೇಗೆ ನಿಲ್ಲುತ್ತದೆ ಎಂದು ಕೇಳುವವರು ಕಡಿಮೆ. ಹಳೆಯ ಕಾರನ್ನು ಕೊಳ್ಳುವವರಂತೂ ಬಣ್ಣ, ಸೀಟು, ಏ.ಸಿ. ಇವನ್ನೆಲ್ಲ ಪರೀಕ್ಷಿಸಿ, ಬ್ರೇಕನ್ನು ಒಮ್ಮೆ ತುಳಿದು ನೋಡಿ ಸಮಾಧಾನಪಟ್ಟುಕೊಳ್ಳುತ್ತಾರೆ. ಮಲೆನಾಡಿನಲ್ಲಿರುವ ನಮಗೆ ಈ ಉದಾಸೀನ ಸಲ್ಲದು. ನಮ್ಮಲ್ಲಿ ಸಮುದ್ರದ ಕಡೆಗೆ ಹೋಗುವ ದಾರಿಗಳೆಲ್ಲ ಘಾಟಿ ಇಳಿದೇ ಹೋಗಬೇಕು.

ಕಳೆದ ಮಳೆಗಾಲಕ್ಕೆ ಮುನ್ನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಹೆಸರು ಬೇಡ, ಅವನ ತರಗತಿಯವರಿಗೆ ಊಹೆಯಾದರೆ ಆಗಲಿ. ಅವನ ತಾಯಿಯನ್ನು ತಿಂಗಳಿಗೊಮ್ಮೆ ವೈದ್ಯರಿಗೆ ತೋರಿಸಲು ತೀರ್ಥಹಳ್ಳಿಯಿಂದ ಮಣಿಪಾಲಕ್ಕೆ ಕರೆದೊಯ್ಯಬೇಕು. ಅದಕ್ಕಾಗಿಯೇ 2012ರ ವ್ಯಾಗನ್ ಆರ್ ಕಾರೊಂದನ್ನು ಎರಡನೆಯ ಕೈಯಿಂದ ಕೊಂಡಿದ್ದ. ಹಿಂದಿನ ತಿಂಗಳು ಆಗುಂಬೆ ಘಾಟಿಯ ಕೆಳಗಿನ ತಿರುವುಗಳಿಗೆ ಬರುವಷ್ಟರಲ್ಲಿ ಬ್ರೇಕ್ ಪೆಡಲ್ ಹತ್ತಿಯ ಮೂಟೆಯನ್ನು ತುಳಿದಂತೆ ಮೆತ್ತಗಾಗಿ ಕೆಳಗಿಳಿಯಿತಂತೆ. ಎರಡು ಮೂರು ಬಾರಿ ಪಂಪು ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ಹೇಗೋ ಅಂಚಿಗೆ ನಿಲ್ಲಿಸಿದ್ದಾನೆ. ಹಿಂದಿನ ಸೀಟಿನಲ್ಲಿದ್ದ ತಾಯಿಗೆ ಏನೂ ತಿಳಿಯಲಿಲ್ಲ. ಅರ್ಧ ಗಂಟೆ ಕಳೆದ ಮೇಲೆ ಪೆಡಲ್ ಮೊದಲಿನಂತೆಯೇ ಗಟ್ಟಿಯಾಯಿತು.

ಹೆದರಿದವನು ನಗರದ ಒಂದು ಅಂಗಡಿಯಲ್ಲಿ ವಿಚಾರಿಸಿದ. ಅವರು ದೊಡ್ಡ ಗಾತ್ರದ, ತೂತು ಕೊರೆದ ಡಿಸ್ಕ್‌ಗಳು, ಹೊಸ ಕ್ಯಾಲಿಪರ್‌ಗಳು, ಅವು ಹಿಡಿಸುವಂಥ ದೊಡ್ಡ ಚಕ್ರಗಳು, ಎಲ್ಲ ಸೇರಿ 45,000 ರೂಪಾಯಿ ಎಂದಿದ್ದರು. "ಸಾಲ ಮಾಡಿಯಾದರೂ ಹಾಕಿಸ್ತೇನೆ ಸರ್, ಅಮ್ಮನನ್ನು ಕೂರಿಸಿಕೊಂಡು ಹೋಗಬೇಕಲ್ಲ" ಎಂದ. "ತಡಿ ಮಾರಾಯ, ಸಾಲ ಮಾಡುವ ಮೊದಲು ಒಂದು ಲೆಕ್ಕ ಮಾಡೋಣ" ಎಂದು ಕಾಗದ ತೆಗೆದೆ. ಆ ಲೆಕ್ಕವನ್ನು ನಿಮ್ಮೆಲ್ಲರ ಮುಂದೆಯೂ ಇಡುವ ಉದ್ದೇಶದಿಂದ ಈ ಬರಹ.

ಬ್ರೇಕು ಎಂಬುದು ಚಲನಶಕ್ತಿಯನ್ನು ಶಾಖವಾಗಿ ಪರಿವರ್ತಿಸುವ ಯಂತ್ರ. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂದು ಒಂಬತ್ತನೆಯ ತರಗತಿಯಲ್ಲಿ ಬರೆಸಿದ್ದು ನೆನಪಿರಬಹುದು. ಜನರೂ ಸೇರಿ 1,200 ಕಿಲೋಗ್ರಾಂ ತೂಗುವ ಕಾರು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ದರೆ ಅದರ ಚಲನಶಕ್ತಿ ಸುಮಾರು 1,67,000 ಜೌಲ್. ಅದನ್ನು ಒಮ್ಮೆ ನಿಲ್ಲಿಸಿದರೆ ಡಿಸ್ಕ್‌ನ ಉಷ್ಣತೆ ಕೆಲವು ಹತ್ತು ಡಿಗ್ರಿ ಏರೀತು, ಅಷ್ಟೆ. ಪೇಟೆಯೊಳಗಿನ ಓಡಾಟದಲ್ಲಿ ಯಾವ ಕಾರಿನ ಬ್ರೇಕಿಗೂ ಇದು ಭಾರವಲ್ಲ.

ಘಾಟಿಯ ಲೆಕ್ಕವೇ ಬೇರೆ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಾಗ ಕಾರು ಸುಮಾರು 500 ಮೀಟರ್ ಎತ್ತರವನ್ನು ಕಳೆದುಕೊಳ್ಳುತ್ತದೆ. ಅಷ್ಟು ಎತ್ತರದ ವಿಭವಶಕ್ತಿ ಸುಮಾರು 59 ಲಕ್ಷ ಜೌಲ್. ಅಂದರೆ 60ರ ವೇಗದಿಂದ ಬಿಡುವಿಲ್ಲದೆ 35 ಬಾರಿ ನಿಲ್ಲಿಸಿದಷ್ಟು ಶಾಖ! ನಮ್ಮ ಬಚ್ಚಲ ಹಂಡೆಗೆ 20 ಲೀಟರ್ ತಣ್ಣೀರು ಹೊಯ್ದು, ಅದನ್ನು ಕುದಿಯುವ ಹದಕ್ಕೆ ತರಲು ಬೇಕಾಗುವಷ್ಟು ಶಾಖ. ಗಾಳಿಯ ಮತ್ತು ಟೈರಿನ ತಡೆ ಇದರಲ್ಲಿ ಸ್ವಲ್ಪ ಭಾಗವನ್ನು ಹೊರುತ್ತವೆ. ಉಳಿದದ್ದನ್ನು ಎಂಜಿನ್ ಹೊರಬೇಕು, ಇಲ್ಲವೇ ಬ್ರೇಕು ಹೊರಬೇಕು. ಮೂರನೆಯವರಿಲ್ಲ.

ಹಾಗಾದರೆ ಆ ದಿನ ಸೋತದ್ದು ಯಾವುದು? ಇಲ್ಲಿ ಎರಡು ಲಕ್ಷಣಗಳನ್ನು ಬೇರೆ ಬೇರೆಯಾಗಿ ಗುರುತಿಸಬೇಕು. ಪೆಡಲ್ ಗಟ್ಟಿಯಾಗಿಯೇ ಇದ್ದು, ಎಷ್ಟು ತುಳಿದರೂ ಕಾರು ನಿಧಾನವಾಗದಿದ್ದರೆ, ಪ್ಯಾಡ್‌ಗಳು ಅತಿಯಾಗಿ ಕಾದು ಘರ್ಷಣೆಯನ್ನು ಕಳೆದುಕೊಂಡಿವೆ ಎಂದು ತಿಳಿಯಬಹುದು. ಪೆಡಲ್ ಮೆತ್ತಗಾಗಿ ಕೆಳಗಿಳಿದು, ತಣಿದ ಮೇಲೆ ಸರಿಹೋದರೆ, ಬ್ರೇಕ್ ಆಯಿಲ್ ಕುದಿದಿದೆ ಎಂದೇ ಮೊದಲು ಸಂಶಯಿಸಬೇಕು. ಪ್ಯಾಸ್ಕಲನ ನಿಯಮದಂತೆ ಪೆಡಲಿನ ಒತ್ತಡ ಚಕ್ರಗಳನ್ನು ತಲುಪುವುದು ದ್ರವದ ಮೂಲಕ. ದ್ರವವನ್ನು ಸಂಕುಚಿಸುವುದು ಸಾಧ್ಯವಿಲ್ಲವೆನ್ನುವಷ್ಟು ಕಷ್ಟ. ಆವಿಯನ್ನು ಸಂಕುಚಿಸುವುದು ಸುಲಭ. ಕೊಳವೆಯೊಳಗೆ ಆವಿಯ ಗುಳ್ಳೆಗಳು ಹುಟ್ಟಿದರೆ ನಮ್ಮ ಕಾಲಿನ ಬಲವೆಲ್ಲ ಅವನ್ನು ಅಮುಕುವುದರಲ್ಲೇ ಮುಗಿಯುತ್ತದೆ.

ಗ್ಯಾರೇಜಿನಲ್ಲಿ ಬ್ರೇಕ್ ಆಯಿಲ್ ಎಂದು ಕರೆಯುವ ದ್ರವಕ್ಕೆ ಗಾಳಿಯ ತೇವವನ್ನು ಹೀರುವ ಗುಣವಿದೆ. ಡಾಟ್ 3 ಎಂಬ ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ಮಾನದಂಡವಿದೆ. ಅದೇ ದ್ರವ ಶೇ. 3.7ರಷ್ಟು ನೀರನ್ನು ಹೀರಿಕೊಂಡಾಗ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಇದನ್ನು ಪೂರ್ತಿ ಬದಲಾಯಿಸಬೇಕು. ಮಲೆನಾಡಿನ ತೇವದ ಹವೆಯಲ್ಲಿ ಈ ಮಾತನ್ನು ಮರೆಯಲೇಬಾರದು. ಆ ಕಾರಿನ ಹಿಂದಿನ ಮಾಲೀಕರ ಸರ್ವಿಸ್ ಪುಸ್ತಕದಲ್ಲಿ ಆಯಿಲ್ ಬದಲಾಯಿಸಿದ ದಾಖಲೆ ಒಂದೂ ಇರಲಿಲ್ಲ. ಕಡಿಮೆಯಾದಾಗ ಮೇಲೆ ಸುರಿದದ್ದೇ ಎಲ್ಲ. ಡಬ್ಬಿಯ ಮುಚ್ಚಳ ತೆಗೆದು ನೋಡಿದರೆ ಒಳಗಿದ್ದುದು ಬೆಲ್ಲದ ಪಾನಕದ ಬಣ್ಣದ ದ್ರವ.

ಈಗ ಆ ಅಂಗಡಿಯ ದೊಡ್ಡ ಡಿಸ್ಕ್‌ಗಳ ವಿಷಯ. ಕಾರನ್ನು ಕಟ್ಟಕಡೆಗೆ ನಿಲ್ಲಿಸುವುದು ಟೈರು ಮತ್ತು ರಸ್ತೆಯ ನಡುವಣ ಘರ್ಷಣೆ. ಈಗಿರುವ ಬ್ರೇಕು ಚಕ್ರವನ್ನು ಜಾರುವ ಮಿತಿಯವರೆಗೆ ಬಿಗಿಹಿಡಿಯಬಲ್ಲದಾದರೆ, ಅದಕ್ಕಿಂತ ದೊಡ್ಡ ಬ್ರೇಕಿನಿಂದ ನಿಲ್ಲುವ ದೂರ ಕಡಿಮೆಯಾಗುವುದಿಲ್ಲ. ಘರ್ಷಣಾಂಕ 0.7 ಇರುವ ಒಣ ರಸ್ತೆಯಲ್ಲಿ 60ರ ವೇಗದ ಕಾರು, ಬ್ರೇಕು ಹಿಡಿದ ಮೇಲೆ ನಿಲ್ಲಲು ಸುಮಾರು 20 ಮೀಟರ್ ಬೇಕು. ಮಳೆಯಲ್ಲಿ ಅದು 0.4ಕ್ಕೆ ಇಳಿದರೆ 35 ಮೀಟರ್. ಈ ಅಂತರವನ್ನು ತುಂಬಿಕೊಡುವುದು ಒಳ್ಳೆಯ ಟೈರು, ಡಿಸ್ಕ್ ಅಲ್ಲ. ದೊಡ್ಡ ಡಿಸ್ಕ್ ಹೆಚ್ಚು ಶಾಖವನ್ನು ತಡೆಯುತ್ತದೆ, ನಿಜ. ಆದರೆ ಅದು ಪದೇ ಪದೇ ಅತಿವೇಗದಿಂದ ನಿಲ್ಲಿಸುವ ಪಂದ್ಯದ ಕಾರಿಗೆ ಬೇಕಾದ ಗುಣ. ತೂತು ಕೊರೆದ ಡಿಸ್ಕ್‌ನಲ್ಲಿ ಶಾಖವನ್ನು ಹೀರುವ ಲೋಹವೇ ಕಡಿಮೆ. ತೂತಿನ ಅಂಚಿನಿಂದ ಬಿರುಕು ಹೊರಡುವ ಭಯ ಬೇರೆ. ಮುಂದಿನ ಬ್ರೇಕನ್ನು ಮಾತ್ರ ಹಿಗ್ಗಿಸಿದರೆ ಮುಂದು ಹಿಂದುಗಳಿಗೆ ತಯಾರಕರು ಹಂಚಿಕೊಟ್ಟ ಸಮತೋಲ ಕೆಡುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಾಹನದ ಮೂಲ ವಿವರಗಳನ್ನು ಬದಲಿಸುವ ಮಾರ್ಪಾಡುಗಳಿಗೆ ನಿರ್ಬಂಧ ಹಾಕಿದೆ ಎಂಬುದನ್ನೂ ನೆನಪಿಡಬೇಕು.

ಮರುದಿನ ನಾವಿಬ್ಬರೂ ಪೇಟೆಯ ಪರಿಚಿತ ಗ್ಯಾರೇಜಿಗೆ ಹೋದೆವು. ಮೆಕ್ಯಾನಿಕ್ ನಾಲ್ಕೂ ಚಕ್ರಗಳನ್ನು ಬಿಚ್ಚಿದರು. ಮುಂದಿನ ಡಿಸ್ಕ್‌ಗಳನ್ನು ಅಳೆದಾಗ ದಪ್ಪ ಕನಿಷ್ಠ ಮಿತಿಗಿಂತ ಸಾಕಷ್ಟು ಮೇಲೆಯೇ ಇತ್ತು; ಹಾಗಾಗಿ ಅವನ್ನು ಬದಲಾಯಿಸಲಿಲ್ಲ. ಪ್ಯಾಡ್‌ಗಳು ಸವೆದು ಹೊಳಪೇರಿದ್ದವು. ಕ್ಯಾಲಿಪರ್ ಸರಿದಾಡುವ ಪಿನ್ನು ಒಂದು ಕಡೆ ತುಕ್ಕಿನಿಂದ ಬಿಗಿದು, ಒಂದು ಪ್ಯಾಡ್ ಮಾತ್ರ ಕೆಲಸ ಮಾಡುತ್ತಿತ್ತು. ಹಿಂದಿನ ಎಡ ಡ್ರಮ್ಮಿನೊಳಗೆ ವೀಲ್ ಸಿಲಿಂಡರ್ ಜಿನುಗಿ ಬ್ರೇಕ್ ಶೂಗಳು ಒದ್ದೆಯಾಗಿದ್ದವು. ಹೀಗೆ ಹಿಂದಿನ ಬ್ರೇಕು ಮಾಡಬೇಕಾದ ಕೆಲಸವೂ ಮುಂದಿನದರ ಮೇಲೆ ಬಿದ್ದು, ಅದು ಇನ್ನಷ್ಟು ಕಾದು, ಹಳೆಯ ಆಯಿಲನ್ನು ಕುದಿಸಿತ್ತು. ರೋಗ ಒಂದಲ್ಲ, ನಾಲ್ಕು. ಒಂದಕ್ಕೂ ದೊಡ್ಡ ಡಿಸ್ಕ್ ಮದ್ದಲ್ಲ.

ಖರ್ಚನ್ನು ಹೇಳಿಬಿಡುತ್ತೇನೆ. ಒಳ್ಳೆಯ ಕಂಪೆನಿಯ ಮುಂದಿನ ಪ್ಯಾಡ್‌ಗಳು 1,600, ಹಿಂದಿನ ಶೂಗಳು 1,300, ವೀಲ್ ಸಿಲಿಂಡರ್ 600, ಬಿರುಕುಬಿಟ್ಟ ಎರಡು ರಬ್ಬರ್ ಹೋಸ್‌ಗಳ ಬದಲಿಗೆ ಹೊಸವು 1,000, ಡಾಟ್ 4 ಆಯಿಲ್ 500, ಕೂಲಿ 2,000. ಒಟ್ಟು 7,000 ರೂಪಾಯಿ. ಟೈರುಗಳ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. ಇವನ ಟೈರುಗಳಿಗೆ ಎಂಟು ವರ್ಷ ತುಂಬಿ ರಬ್ಬರು ಗಟ್ಟಿಯಾಗಿತ್ತು. ನಾಲ್ಕಕ್ಕೂ ಸೇರಿ 14,000 ಆಯಿತು. ಎರಡೂ ಕೂಡಿದರೆ 21,000. ಅಂಗಡಿಯವರು ಹೇಳಿದ್ದರ ಅರ್ಧಕ್ಕಿಂತ ಕಡಿಮೆ. ಸಾಲ ಮಾಡುವ ಪ್ರಸಂಗ ಬರಲಿಲ್ಲ.

ಪ್ಯಾಡಿನ ಆಯ್ಕೆಯಲ್ಲೂ ಒಂದು ಮಾತು. ಪಂದ್ಯದ ಕಾರುಗಳ ಪ್ಯಾಡ್‌ಗಳು ಚೆನ್ನಾಗಿ ಕಾದ ಮೇಲೆಯೇ ಸರಿಯಾಗಿ ಹಿಡಿಯುತ್ತವೆ. ಬೆಳಗ್ಗೆ ಮನೆಯ ಗೇಟು ದಾಟಿ ಮೊದಲ ತಿರುವಿನಲ್ಲೇ ದನ ಅಡ್ಡ ಬರುವ ನಮಗೆ ತಣ್ಣಗಿರುವಾಗಲೂ ಹಿಡಿಯುವ ಪ್ಯಾಡ್ ಬೇಕು. ಹೊಸ ಪ್ಯಾಡ್ ಹಾಕಿದ ದಿನ ಖಾಲಿ ರಸ್ತೆಯಲ್ಲಿ 50ರಿಂದ 10ರವರೆಗೆ ಹದವಾಗಿ ಹತ್ತು ಬಾರಿ ನಿಧಾನಗೊಳಿಸಿ, ನಡುನಡುವೆ ತಣಿಯಲು ಬಿಟ್ಟು, ಪ್ಯಾಡ್ ಮತ್ತು ಡಿಸ್ಕ್ ಒಂದಕ್ಕೊಂದು ಹೊಂದಿಕೊಳ್ಳುವಂತೆ ಮಾಡಬೇಕು. ಇದಕ್ಕೆ ಪೆಟ್ರೋಲು ಬಿಟ್ಟರೆ ಬೇರೆ ಖರ್ಚಿಲ್ಲ.

ಎಲ್ಲಕ್ಕಿಂತ ಅಗ್ಗದ ಸುಧಾರಣೆ ಚಾಲಕನ ಎಡಗೈಯಲ್ಲಿದೆ. ಘಾಟಿಯನ್ನು ಯಾವ ಗೇರಿನಲ್ಲಿ ಹತ್ತುತ್ತೇವೆಯೋ ಅದೇ ಗೇರಿನಲ್ಲಿ ಇಳಿಯಬೇಕೆಂದು ಹಳೆಯ ಲಾರಿ ಚಾಲಕರು ಹೇಳುತ್ತಿದ್ದರು. ಅದು ಇಂದಿಗೂ ಸತ್ಯ. ಎರಡನೆಯ ಗೇರಿನಲ್ಲಿ ಎಂಜಿನ್ನೇ ಕಾರನ್ನು ಹಿಡಿದುಕೊಳ್ಳುತ್ತದೆ. ಬ್ರೇಕನ್ನು ಉದ್ದಕ್ಕೂ ಸವರುತ್ತ ಇಳಿಯುವ ಬದಲು ತಿರುವಿಗೆ ಮುನ್ನ ದೃಢವಾಗಿ ಒತ್ತಿ, ಬಿಟ್ಟು, ತಣಿಯಲು ಅವಕಾಶ ಕೊಡಬೇಕು. ಪೆಟ್ರೋಲು ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಯುವವರನ್ನು ನಮ್ಮ ಬಂಧುಗಳಲ್ಲೇ ಕಂಡಿದ್ದೇನೆ. ಇಂದಿನ ಫ್ಯೂಯಲ್ ಇಂಜೆಕ್ಷನ್ ಕಾರುಗಳು ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಪೆಟ್ರೋಲನ್ನು ತಾವೇ ನಿಲ್ಲಿಸುತ್ತವೆ. ಆದ್ದರಿಂದ ನ್ಯೂಟ್ರಲ್‌ನಲ್ಲಿ ಉಳಿಯುವುದೇನೂ ಇಲ್ಲ. ಎಂಜಿನ್ ಆರಿಸಿ ಇಳಿದರಂತೂ ಬ್ರೇಕ್ ಬೂಸ್ಟರಿಗೆ ನಿರ್ವಾತ ಸಿಗದೆ, ಎರಡು ಮೂರು ಬಾರಿ ಒತ್ತುವಷ್ಟರಲ್ಲಿ ಪೆಡಲ್ ಕಲ್ಲಾಗುತ್ತದೆ.

ಭಾರತದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎ.ಬಿ.ಎಸ್. ಕಡ್ಡಾಯವಾಗಿದೆ. ಅದಿಲ್ಲದ ಹಳೆಯ ಕಾರಿಗೆ ಅದನ್ನು ಕಡಿಮೆ ಖರ್ಚಿನಲ್ಲಿ ಜೋಡಿಸಲು ಬಾರದು. ಅಂಥ ಕಾರಿನಲ್ಲಿ ಚಕ್ರ ಬಿಗಿದು ಜಾರತೊಡಗಿದರೆ ಸ್ಟಿಯರಿಂಗ್ ತಿರುಗಿಸಿಯೂ ಫಲವಿಲ್ಲ. ಪೆಡಲನ್ನು ಕ್ಷಣ ಸಡಿಲಿಸಿ ಮತ್ತೆ ಒತ್ತಬೇಕು. ಇದನ್ನು ಖಾಲಿ ಮೈದಾನದಲ್ಲಿ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು.

ನನ್ನ ವಿದ್ಯಾರ್ಥಿ ಆಮೇಲೆ ಇಡೀ ಮಳೆಗಾಲ ತಾಯಿಯನ್ನು ಕರೆದುಕೊಂಡು ಘಾಟಿ ಇಳಿದು ಹತ್ತಿದ್ದಾನೆ. ಸೋಮೇಶ್ವರ ತಲುಪಿದಾಗಲೂ ಪೆಡಲ್ ಹೊರಟಾಗಿನಷ್ಟೇ ಗಟ್ಟಿ ಎಂದು ಫೋನು ಮಾಡಿ ಹೇಳಿದ. ಉಳಿದ ಹಣದಲ್ಲಿ ತಾಯಿಯ ಔಷಧಿಯ ಬಾಕಿ ತೀರಿಸಿದನಂತೆ.

ಕೈಯಲ್ಲಿ ಹಣ ಕಡಿಮೆಯಿದ್ದಾಗ ಅದನ್ನು ಯಾವ ಕ್ರಮದಲ್ಲಿ ಖರ್ಚು ಮಾಡಬೇಕೆಂಬುದೇ ಮುಖ್ಯ. ಮೊದಲು ಆಯಿಲ್ ಮತ್ತು ಸೋರಿಕೆ, ಅನಂತರ ಪ್ಯಾಡ್ ಮತ್ತು ಶೂ, ಆಮೇಲೆ ಟೈರು. ಇಷ್ಟಾದ ಮೇಲೂ ಕೊರತೆ ಕಂಡರೆ ಮಾತ್ರ ಮುಂದಿನ ಮಾತು. ಹೊಸದನ್ನು ಸೇರಿಸುವ ಮುನ್ನ ಇರುವುದನ್ನು ಅದರ ಪೂರ್ಣ ಶಕ್ತಿಗೆ ತರಬೇಕು. ತರಗತಿಯಲ್ಲೂ ನಾನು ಹಾಗೆಯೇ ಮಾಡುತ್ತಿದ್ದೆ: ಮಗ್ಗಿ ಬಾರದವನಿಗೆ ಬೀಜಗಣಿತ ಹೇಳುತ್ತಿರಲಿಲ್ಲ.

ಬರುವ ರಜೆಯಲ್ಲಿ ನಿಮ್ಮಲ್ಲಿ ಹಲವರು ಕಾರಿನಲ್ಲಿ ಊರಿಗೆ ಬರುವಿರಿ. ಬ್ರೇಕ್ ಆಯಿಲ್ ಬದಲಾಯಿಸಿದ ತಾರೀಖು ಯಾವುದೆಂದು ಕೇಳುವವನಿದ್ದೇನೆ. ಉತ್ತರವನ್ನು ಸಿದ್ಧಪಡಿಸಿಕೊಂಡು ಬನ್ನಿ. ಎಲ್ಲರಿಗೂ ಶುಭವಾಗಲಿ.