ಆಯಿ ಬರೆಸಿದ ಧರ್ಮ

2025ರ ಅಕ್ಟೋಬರ್ ಮೊದಲ ವಾರ. ಸಿಂದಗಿ ಸೀಮೆಯ ಭೀಮಾ ದಂಡೆಯ ಊರೊಂದರ ದಲಿತ ಕೇರಿಯಲ್ಲಿ ನಿಂತಿದ್ದೀರಿ. ಹೊಳೆ ಇಳಿದಿದೆ, ಕೆಸರು ಇಳಿದಿಲ್ಲ. ಎರೆಮಣ್ಣು ಹೆಜ್ಜೆಗೊಮ್ಮೆ ಚಪ್ಪಲಿ ಕಿತ್ತುಕೊಳ್ಳುತ್ತದೆ. ನೀರು ನಿಂತ ತೊಗರಿ ಹೊಲದಿಂದ ಕೊಳೆತ ವಾಸನೆ ಬರುತ್ತಿದೆ. ಅತ್ತ ಇಂಡಿ ಕಡೆಯ ಹೊಳೆಸಾಲಿನ ಊರುಗಳದೂ ಇದೇ ಪಾಡು.

ಎದುರಿನ ಮನೆಯ ಕಟ್ಟೆಯ ಮೇಲೆ ಬಿಸಿಲಿಗೆ ಕೌದಿ ಹಾಸಿದೆ. ಕೌದಿಯ ಮೇಲೆ ತೊಯ್ದು ಉಬ್ಬಿದ ಸತ್ಯವೇದ. ಆಯಿ ಕುಕ್ಕರಗಾಲಿನಲ್ಲಿ ಕೂತು ಅಂಟಿಕೊಂಡ ಹಾಳೆಗಳನ್ನು ಉಗುರಿನ ತುದಿಯಿಂದ ಬಿಡಿಸುತ್ತಾಳೆ. ಬಿಡಿಸಿದ ಎರಡು ಹಾಳೆಯ ನಡುವೆ ಹಳೆ ಪೇಪರಿನ ತುಂಡು ಇಡುತ್ತಾಳೆ. ಅವಸರವಿಲ್ಲ. ಒಂದು ಹಾಳೆ ಹರಿಯಿತು. ಆ ಚೂರನ್ನು ಕಣ್ಣಿಗೊತ್ತಿಕೊಂಡು ಅಲ್ಲೇ ಒಳಗೆ ಸೇರಿಸಿದಳು.

ರಾಜ್ಯದ ಜಾತಿ ಗಣತಿಗೆ ಬಂದ ಮಾಸ್ತರರು ಪ್ಯಾಂಟು ಮಡಚಿಕೊಂಡು ಕಟ್ಟೆಗೆ ಬಂದು ಕೂಡುತ್ತಾರೆ. ಕರೆಂಟ್ ಮೀಟರಿನ ಹತ್ತಿರ ಗಣತಿಯ ಚೀಟಿ ಮೊದಲೇ ಅಂಟಿಸಿದೆ. ಕೇಳಬೇಕಾದ ಪ್ರಶ್ನೆ 60. ನೆಟ್‌ವರ್ಕ್ ಮಾತ್ರ ಬರುತ್ತಿಲ್ಲ. ಅವರು ಮೊಬೈಲ್ ಎತ್ತಿ ಹಿಡಿದು ಕಾಯುತ್ತಾರೆ.

"ಆಯಿ, ಧರ್ಮ ಯಾವುದಂತ ಬರಕೊಳ್ಳಲಿ?"

"ಯೇಸಪ್ಪನ್ನ ನಂಬೀವ್ರೀ ಸರ. ಕ್ರಿಶ್ಚಿಯನ್ ಅಂತ ಬರೀರಿ."

ಬಾಗಿಲಲ್ಲಿ ನಿಂತ ಮೊಮ್ಮಗ ದಡಕ್ಕನೆ ಮುಂದೆ ಬರುತ್ತಾನೆ. "ತಡೀರಿ ಸರ. ಆಯಿ, ಹಂಗ ಬರಸಿದ್ರ ನನ್ನ ಜಾತಿ ಸರ್ಟಿಫಿಕೇಟಿನ ಗತಿ ಏನು?"

ಕಟ್ಟೆಯ ಮೇಲೆ ಮಾತು ನಿಲ್ಲುತ್ತದೆ. ಹುಡುಗನದು ಹುಸಿ ಭಯವಲ್ಲ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯನ್ನು ಹಿಂದೂಗಳಿಗಷ್ಟೇ ಸೀಮಿತ ಮಾಡಿತು. 1956ರಲ್ಲಿ ಸಿಖ್ಖರು ಸೇರಿದರು, 1990ರಲ್ಲಿ ಬೌದ್ಧರು. ದಲಿತ ಕ್ರೈಸ್ತರು, ದಲಿತ ಮುಸ್ಲಿಮರು ಇವತ್ತಿಗೂ ಹೊರಗೆ. ಕರ್ನಾಟಕದಲ್ಲಿ ಮತಾಂತರಗೊಂಡ ದಲಿತರಿಗೆ ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಜಾಗವಿದೆ ನಿಜ. ಮೀಸಲಾತಿಯಲ್ಲಿ ಅದರ ಪಾಲು ಶೇಕಡಾ 4, ಪರಿಶಿಷ್ಟ ಜಾತಿಯ ಪಾಲು 17. ಈ ಗಣತಿಯಲ್ಲೇ ಜಾತಿಯ ಹೆಸರಿನ ಜೊತೆ 'ಕ್ರಿಶ್ಚಿಯನ್' ಎಂದು ಸೇರಿಸಿದ್ದಕ್ಕೆ ರಾಜ್ಯದಲ್ಲೆಲ್ಲ ಗದ್ದಲವೆದ್ದು, ಗಣತಿ ನಡೆಸುವ ರಾಜ್ಯ ಹಿಂದುಳಿದ ವರ್ಗಗಳ ಆಯೋಗ ಅಂಥ 33 ಹೆಸರುಗಳನ್ನು ಪಟ್ಟಿಯಿಂದ ತೆಗೆಯಿತು.

ಕೇರಿಯನ್ನೊಮ್ಮೆ ಸುತ್ತ ನೋಡಿ. ಹೊಳೆ ಏರಿದಾಗ ಮೊದಲು ಮುಳುಗುವ ತಗ್ಗು ಇದೇ. ಯೇಸಪ್ಪನ ಪ್ರಾರ್ಥನೆಗೆ ಹೋದರೆಂದು ಊರ ನಡುವಿನ ಕಟ್ಟೆಯ ಮೇಲೆ ಇವರನ್ನು ಯಾರೂ ಕರೆದು ಕೂಡಿಸಿಕೊಂಡಿಲ್ಲ. ಕೂಲಿ ಅದೇ, ಹೊಲ ಇನ್ನೊಬ್ಬರದು. ಬದಲಾದದ್ದು ಪ್ರಾರ್ಥನೆಯೊಂದೇ. ಆ ಒಂದಕ್ಕೆ ಇಷ್ಟು ಬೆಲೆ ಕೇಳುವುದು ಅನ್ಯಾಯ.

ಈ ನಂಬಿಕೆ ನಿನ್ನೆ ಮೊನ್ನೆ ಬಂದದ್ದೂ ಅಲ್ಲ. ಬಾಸೆಲ್ ಮಿಷನ್ನಿನವರು 1851ರಲ್ಲಿ ಗುಳೇದಗುಡ್ಡದಲ್ಲಿ, 1885ರಲ್ಲಿ ವಿಜಯಪುರದಲ್ಲಿ ನೆಲೆ ಮಾಡಿದರು. ಆಯಿಯ ಪ್ರಾರ್ಥನೆ ಜೋಳದ ರೊಟ್ಟಿಯಷ್ಟೇ ಈ ನೆಲದ್ದು. ಅವಳ ದೇವರಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರುವುದಿಲ್ಲ.

ಮಾಸ್ತರರು ಮೆಲ್ಲಗೆ ಹೇಳುತ್ತಾರೆ: "ಹೇಳಾಕ ಮನಸ್ಸಿಲ್ಲಂದ್ರ ಬಿಡ್ರಿ ಆಯಿ. ಒತ್ತಾಯ ಇಲ್ಲಂತ ಹೈಕೋರ್ಟೇ ಹೇಳೈತಿ."

ಆಯಿ ಮೊಮ್ಮಗನ ಮುಖ ನೋಡುತ್ತಾಳೆ, ಆಮೇಲೆ ಕೌದಿಯ ಮೇಲಿನ ಪುಸ್ತಕವನ್ನು. "ನಂದು ಬರೀರಿ. ಅವಂದು ಅವನ್ನ ಕೇಳ್ರಿ."

ಒಂದೇ ಮನೆ, ಎರಡು ಉತ್ತರ. ಹುಡುಗ ತನ್ನದನ್ನು ತಲೆ ತಗ್ಗಿಸಿ ಬರೆಸಿದ. ನಿಮಗೆ ಅದು ಕೇಳಿಸಲಿಲ್ಲ.

ಮತಾಂತರಗೊಂಡ ದಲಿತರಿಗೆ ಪರಿಶಿಷ್ಟ ಜಾತಿಯ ಸ್ಥಾನ ಕೊಡಬೇಕೇ ಎಂದು ನೋಡಲು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ರಚಿಸಿತು. ಅದರ ಅವಧಿ ಮತ್ತೆ ಮತ್ತೆ ಮುಂದೆ ಹೋಗಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಲ್ಲವೂ ಸೇರುವ ವಿಜಯಪುರ ಲೋಕಸಭಾ ಕ್ಷೇತ್ರ 2009ರ ಚುನಾವಣೆಯಿಂದ ಪರಿಶಿಷ್ಟ ಜಾತಿಗೆ ಮೀಸಲು. ಈ ಕೇರಿಯ ಆಯಿ ಅಲ್ಲಿ ಮತ ಹಾಕಬಹುದು, ನಿಲ್ಲುವಂತಿಲ್ಲ.